ನಿಲ್ಲಿಸಿದ ಹಳೇ ಸ್ಪೋರ್ಟ್ಸ್ ಕಾರು ಕಂಡರೆ: ನೋಡುವ, ಗುರುತಿಸುವ, ಮಾತಾಡುವ ಬಗೆ

ಮ್ಯೂಸಿಯಂನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಕಾರಿಗಿಂತ ರಸ್ತೆ ಬದಿಯಲ್ಲಿ ನಿಂತ ಹಳೇ ಸ್ಪೋರ್ಟ್ಸ್ ಕಾರು ನನಗೆ ಜಾಸ್ತಿ ಇಷ್ಟ. ಅದರ ಗಾಜಿಗೆ ಹುಳ ಹೊಡೆದಿರುತ್ತದೆ. ಇಂಜಿನ್ ಆರುವಾಗ ಟಿಕ್ ಟಿಕ್ ಅನ್ನುತ್ತಿರುತ್ತದೆ. ಯಾರೋ ಅದನ್ನು ಓಡಿಸಿಕೊಂಡು ಬಂದಿದ್ದಾರೆ, ಇನ್ನು ಸ್ವಲ್ಪ ಹೊತ್ತಿಗೆ ಓಡಿಸಿಕೊಂಡು ಹೋಗುತ್ತಾರೆ. ಈ ನಡುವಿನ ಸಮಯ ನಮ್ಮಂಥ ಕಾರು ಪ್ರೇಮಿಗಳದು.

ಇಂಥ ಕಾರನ್ನು ಮನೆಯಿಂದ ಹೊರಗೆ ತೆಗೆಯಲು ಎಷ್ಟೋ ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ದಾರಿಯಲ್ಲಿ ಕೆಟ್ಟು ನಿಂತರೆ ಹೇಗೋ ಸರಿ ಮಾಡಿಕೊಳ್ಳಬಹುದು. ನಿಲ್ಲಿಸಿ ಹೋದಾಗ ಯಾರಾದರೂ ಗೀರಿದರೆ, ಒರಗಿ ತಗ್ಗು ಮಾಡಿದರೆ ಏನು ಮಾಡುವುದು? ಅವರು ಮತ್ತೆ ಮತ್ತೆ ಕಾರು ಹೊರಗೆ ತರುವಂತೆ ನಡೆದುಕೊಳ್ಳುವುದು ನೋಡುವವರ ಕೆಲಸ. ಈ ಮಾರ್ಗದರ್ಶಿ ಬರೆಯಲು ಅದೇ ಕಾರಣ.

ಹಂತ 1: ಮೊದಲು ದೂರದಿಂದ ನೋಡಿ

ಕಂಡ ತಕ್ಷಣ ಓಡಿಹೋಗಿ ಮೂತಿಯ ಮುಂದೆ ನಿಲ್ಲಬೇಡಿ. ಹತ್ತು ಹದಿನೈದು ಹೆಜ್ಜೆ ದೂರದಲ್ಲಿ, ವಾಹನ ಓಡಾಡದ ಜಾಗದಲ್ಲಿ ನಿಂತುಕೊಳ್ಳಿ. ಕಾರಿನ ಆಕಾರ ಕಾಣುವುದು ಅಲ್ಲಿಂದಲೇ. ಬಾನೆಟ್ ಎಷ್ಟು ಉದ್ದ, ಕ್ಯಾಬಿನ್ ಎಷ್ಟು ಹಿಂದೆ ಕೂತಿದೆ, ಚಕ್ರ ಎಲ್ಲಿದೆ ಅನ್ನುವುದನ್ನು ನೋಡಿ. ಮುಂದೆ ಉದ್ದ ಬಾನೆಟ್ ಇದ್ದು, ಸೀಟು ಬಹುತೇಕ ಹಿಂದಿನ ಚಕ್ರದ ಹತ್ತಿರವೇ ಇದ್ದರೆ ಇಂಜಿನ್ ಮುಂದಿದೆ ಅಂತ ಸುಲಭವಾಗಿ ಊಹಿಸಬಹುದು. ಮೂತಿ ತಗ್ಗಿ, ಬೆನ್ನು ಇಳಿಜಾರಾಗಿ, ಬಾಲದ ಮೇಲೆ ಗಾಳಿ ಹೋಗುವ ಜಾಲರಿ ಇದ್ದರೆ ಇಂಜಿನ್ ಹಿಂದಿರಬಹುದು.

ಕಾರು ಸಮವಾಗಿ ನಿಂತಿದೆಯಾ ಅಂತಲೂ ಇಲ್ಲಿಂದಲೇ ಗೊತ್ತಾಗುತ್ತದೆ. ಒಂದು ಮೂಲೆ ಕುಸಿದಿದ್ದರೆ ಸ್ಪ್ರಿಂಗ್ ದಣಿದಿರಬಹುದು. ಬಾಗಿಲಿನ ಸುತ್ತಲಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ ಅಂತ ಕಂಡರೆ, ಅದರಲ್ಲೂ ತೆರೆದ ಕಾರಾಗಿದ್ದರೆ, ಬಾಗಿಲ ಕೆಳಗಿನ ಸಿಲ್ ತುಕ್ಕು ತಿಂದು ನಡು ಸ್ವಲ್ಪ ಬಗ್ಗಿರುವ ಸಾಧ್ಯತೆ ಇದೆ. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯಂಥದರಲ್ಲಿ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯ ಬಲ ಬಹುಪಾಲು ಆ ಸಿಲ್‌ಗಳಲ್ಲೇ ಇರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಜೋರಾಗಿ ಹೇಳಬೇಡಿ.

ಹಂತ 2: ಮುಟ್ಟದೇ ಹತ್ತಿರ ಹೋಗಿ

ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ನೋಡಲು ಸ್ವಲ್ಪ ವಿಚಿತ್ರ ಅನಿಸಬಹುದು, ಆದರೆ ದೂರದಿಂದ ನೋಡುತ್ತಿರುವ ಮಾಲೀಕರಿಗೆ ಅಷ್ಟರಿಂದಲೇ ಧೈರ್ಯ ಬರುತ್ತದೆ. ಹೆಗಲ ಚೀಲವನ್ನು ಮುಂದಕ್ಕೆ ಎಳೆದುಕೊಳ್ಳಿ. ಚೀಲದ ಜಿಪ್ಪು, ಬೆಲ್ಟಿನ ಬಕಲ್, ಉಂಗುರ, ವಾಚು ಗೀರುವುದು ನಮಗೆ ಗೊತ್ತೇ ಆಗುವುದಿಲ್ಲ. ಮಕ್ಕಳು ಜೊತೆಗಿದ್ದರೆ ಕೈ ಹಿಡಿದುಕೊಳ್ಳಿ.

ಒರಗುವುದಂತೂ ಬೇಡವೇ ಬೇಡ. ಇಂಥ ಕಾರುಗಳ ತಗಡು ಎಲ್ಲಾ ಕಡೆ ಒಂದೇ ಥರ ಇರುವುದಿಲ್ಲ. ದೊಡ್ಡ ಆಸ್ಟಿನ್-ಹೀಲಿಯಲ್ಲಿ ಮೂತಿಯ ಮೇಲಿನ ಭಾಗ, ಬಾಲದ ಮೇಲಿನ ಭಾಗ ಎರಡೂ ಅಲ್ಯುಮಿನಿಯಂ. ಅಂಗೈ ಊರಿದರೂ ತಗ್ಗು ಬೀಳಬಹುದು. ಲೋಟಸ್ ಎಲಾನ್, ಶೆವ್ರೊಲೆ ಕಾರ್ವೆಟ್ ಇವು ಫೈಬರ್‌ಗ್ಲಾಸ್ ಬಾಡಿಯವು. ಒಂದೇ ಕಡೆ ಭಾರ ಬಿದ್ದರೆ ಪೇಂಟಿನ ಮೇಲೆ ನಕ್ಷತ್ರದ ಹಾಗೆ ಬಿರುಕು ಹರಡುತ್ತದೆ. ಬಟ್ಟೆ ಟಾಪ್‌ನ ಹಿಂದಿನ ಪ್ಲಾಸ್ಟಿಕ್ ಕಿಟಕಿ ಬೆರಳು ತಾಗಿದರೂ ಮಂಕಾಗುತ್ತದೆ. ಒಳಗೆ ನೋಡಬೇಕು ಅನಿಸಿದರೆ ಗಾಜಿಗೆ ಅಂಗೈ ಒತ್ತದೆ, ಒಂದು ಗೇಣು ದೂರದಿಂದ, ನಿಮ್ಮ ನೆರಳು ಗಾಜಿನ ಮೇಲೆ ಬೀಳುವಂತೆ ನಿಂತು ನೋಡಿ. ಹೊಳಪು ಹೋಗಿ ಒಳಗಿನದು ಚೆನ್ನಾಗಿ ಕಾಣುತ್ತದೆ.

ಬಾಡಿ ಕಬ್ಬಿಣವೋ ಫೈಬರೋ ಅಂತ ತಿಳಿಯಲು ಮ್ಯಾಗ್ನೆಟ್ ಇಡುವವರಿದ್ದಾರೆ. ಅಪರಿಚಿತರ ಕಾರಿನ ಮೇಲೆ ಅದನ್ನು ಯಾವತ್ತೂ ಮಾಡಬೇಡಿ. ಬೆರಳಲ್ಲಿ ತಟ್ಟಿ ನೋಡುವುದೂ ಅಷ್ಟೇ ಕೆಟ್ಟದ್ದು.

ಹಂತ 3: ಬ್ಯಾಡ್ಜ್ ಕೊನೆಗೆ ಓದಿ

ನನ್ನ ಪ್ರಕಾರ ಇಡೀ ಆಟದ ಮಜಾ ಇರುವುದು ಇಲ್ಲೇ. ಬ್ಯಾಡ್ಜ್, ಅಂದರೆ ಕಾರಿನ ಮೇಲಿನ ಹೆಸರಿನ ಫಲಕ, ಓದಿಬಿಟ್ಟರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಮೇಲಾಗಿ ಬ್ಯಾಡ್ಜ್ ಬದಲಾಯಿಸುವುದು ಕಾರಿನಲ್ಲೇ ಅತಿ ಸುಲಭದ ಕೆಲಸ. ಆದ್ದರಿಂದ ಮೊದಲು ದೇಶ, ಆಮೇಲೆ ಕಾಲ, ಕೊನೆಗೆ ಹೆಸರು. ಈ ಕ್ರಮದಲ್ಲಿ ಹೋಗಿ.

ದೇಶಕ್ಕೆ ಸುಲಭದ ಸುಳಿವು ಲೈಟಿನ ಗಾಜು. ಅದರ ಮೇಲೆ ತಯಾರಕರ ಹೆಸರು ಅಚ್ಚಾಗಿರುತ್ತದೆ. ಲೂಕಸ್ ಅಂತಿದ್ದರೆ ಬಹುತೇಕ ಬ್ರಿಟಿಷ್ ಕಾರು. ಹೆಲ್ಲಾ, ಬಾಷ್ ಇದ್ದರೆ ಜರ್ಮನ್. ಕರೆಲ್ಲೊ ಇದ್ದರೆ ಇಟಾಲಿಯನ್. ಕೊಯ್ಟೊ, ಸ್ಟಾನ್ಲಿ ಇದ್ದರೆ ಜಪಾನಿನದು. ಡ್ಯಾಶ್‌ಬೋರ್ಡಿನ ಮೀಟರ್‌ಗಳೂ ಇದನ್ನೇ ಹೇಳುತ್ತವೆ. ಬ್ರಿಟಿಷರಲ್ಲಿ ಸ್ಮಿತ್ಸ್, ಜರ್ಮನ್ನರಲ್ಲಿ ವಿಡಿಒ, ಇಟಾಲಿಯನ್ನರಲ್ಲಿ ವೆಲಿಯಾ ಸಾಮಾನ್ಯ. ಪಾರ್ಟ್ಸ್ ಬದಲಾಗಿರಬಹುದು, ಹಾಗಾಗಿ ಒಂದೇ ಸುಳಿವನ್ನು ನಂಬಿ ಕೂರಬೇಡಿ. ಎರಡು ಮೂರು ಸುಳಿವು ಒಂದೇ ಕಡೆ ಬೆರಳು ತೋರಿಸಿದರೆ ಸರಿ.

ಕಾಲವನ್ನು ಅಂದಾಜು ಮಾಡಲು ಅಮೆರಿಕದ ಸುರಕ್ಷತಾ ನಿಯಮಗಳು ತುಂಬಾ ಸಹಾಯ ಮಾಡುತ್ತವೆ. ಇಂಗ್ಲೆಂಡ್, ಜರ್ಮನಿ, ಇಟಲಿ, ಜಪಾನಿನ ಸ್ಪೋರ್ಟ್ಸ್ ಕಾರುಗಳಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆಯಾಗಿತ್ತು. ಅಲ್ಲಿನ ನಿಯಮ ಬದಲಾದಾಗೆಲ್ಲ ಕಾರಿನ ಮುಖ ಬದಲಾಯಿತು. 1968ರಿಂದ ಬದಿಗಳಲ್ಲಿ ಸಣ್ಣ ಲೈಟು ಅಥವಾ ರಿಫ್ಲೆಕ್ಟರ್ ಬಂತು. ಅದೇ ವರ್ಷದ ನಿಯಮದಿಂದ ಸ್ಪೋಕ್ ಚಕ್ರದ ನಡುವೆ ಕಿವಿಯಂತೆ ಚಾಚಿಕೊಂಡಿದ್ದ ನಟ್ ಹೋಗಿ, ಕಿವಿಯಿಲ್ಲದ ನಟ್ ಬಂತು. 1969ರಿಂದ ಸೀಟಿಗೆ ತಲೆಯಾಸರೆ ಬಂತು. 1973ರ ಮಾಡೆಲ್‌ಗಳಿಂದ ಬಂಪರ್ ದಪ್ಪವಾಗತೊಡಗಿತು. ಈ ನಾಲ್ಕನ್ನು ನೆನಪಿಟ್ಟುಕೊಂಡರೆ ಅಮೆರಿಕಕ್ಕೆ ಹೋದ ಯಾವುದೇ ಕಾರಿನ ಕಾಲವನ್ನು ಹತ್ತಿರ ಹತ್ತಿರ ಹೇಳಬಹುದು.

ಇನ್ನು ಹೆಸರು. ಪದೇ ಪದೇ ಎದುರಾಗುವ ಕೆಲವು ಕಾರುಗಳ ಗುರುತು ಇಲ್ಲಿವೆ.

ಜಾಗ್ವಾರ್ ಇ-ಟೈಪ್ 1961ರಲ್ಲಿ ಜಿನೀವಾದಲ್ಲಿ ಹೊರಬಂತು. ಹೆಡ್‌ಲೈಟಿನ ಮೇಲೆ ಗಾಜಿನ ಮುಚ್ಚಳ ಇದ್ದರೆ ಮೊದಲ ಸರಣಿ. ಮುಚ್ಚಳ ಇಲ್ಲವಾ? ಹಿಂದಕ್ಕೆ ಹೋಗಿ ನೋಡಿ. ಟೈಲ್ ಲೈಟ್ ಬಂಪರಿನ ಮೇಲಿದ್ದರೆ ಇನ್ನೂ ಮೊದಲ ಸರಣಿಯ ಕೊನೆಯ ದಿನಗಳದು, ಕೆಳಗಿದ್ದರೆ ಎರಡನೆಯದು. ಮೂತಿಯಲ್ಲಿ ಗಾಳಿ ಹೋಗುವ ಬಾಯಿ ಅಗಲವಾಗಿ ಅದಕ್ಕೆ ಜಾಲರಿ ಕೂರಿಸಿ, ಚಕ್ರದ ಮೇಲಿನ ಕಮಾನು ಉಬ್ಬಿದ್ದರೆ ಮೂರನೆಯದು. 1971ರಲ್ಲಿ ಬಂದ ಅದಕ್ಕೆ 5.3 ಲೀಟರಿನ 12 ಸಿಲಿಂಡರ್ ಇಂಜಿನ್.

ಪೋರ್ಷೆ 911 ಗುರುತಿಸುವುದು ಸುಲಭ, ವರ್ಷ ಹೇಳುವುದು ಕಷ್ಟ. 1963ರಲ್ಲಿ ಅದನ್ನು ತೋರಿಸಿದಾಗ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ತನ್ನದು ಅಂತ ಪೆಜೋ ಆಕ್ಷೇಪಿಸಿದ್ದರಿಂದ 911 ಆಯಿತು. ತೆಳು ಬಂಪರ್ ಇದ್ದು ಬಾನೆಟ್ ಕೆಳಗಿನತನಕ ಇಳಿದಿದ್ದರೆ 1973 ಅಥವಾ ಅದಕ್ಕೂ ಹಿಂದಿನದು. ಬಂಪರಿನ ಎರಡೂ ತುದಿಯಲ್ಲಿ ಮಡಿಕೆ ಮಡಿಕೆಯ ಕಪ್ಪು ರಬ್ಬರ್ ಇದ್ದರೆ 1974ರಿಂದ ಈಚಿನದು. ಬಲಗಡೆ, ಬಾಗಿಲ ಹಿಂದೆ ಒಂದು ಸಣ್ಣ ಮುಚ್ಚಳ ಕಂಡರೆ ಅಲ್ಲೇ ನಿಂತುಬಿಡಿ. ಅದು 1972ರ ಮಾಡೆಲ್ ಇರಬಹುದು. ಇಂಜಿನ್ ಆಯಿಲ್ ಹಾಕುವ ಬಾಯಿಯನ್ನು ಆ ವರ್ಷ ಹೊರಗೆ ಕೊಟ್ಟಿದ್ದರು. ಪೆಟ್ರೋಲ್ ಬಂಕಿನಲ್ಲಿ ಅದಕ್ಕೇ ಪೆಟ್ರೋಲ್ ಸುರಿಯುವ ಪ್ರಮಾದ ನಡೆಯುತ್ತಿತ್ತು. ಮರುವರ್ಷವೇ ಅದನ್ನು ಒಳಗೆ ಸೇರಿಸಿದರು. ಇಂಥ ಒಂದು ಮುಚ್ಚಳ ಸಿಕ್ಕರೆ ಇಡೀ ದಿನ ಖುಷಿಯಲ್ಲಿ ಕಳೆಯಬಹುದು.

ಎಂಜಿಬಿ 1962ರಿಂದ 1980ರವರೆಗೆ ಬಂತು. ಕ್ರೋಮ್ ಬಂಪರ್ ಇದ್ದರೆ 1974ರವರೆಗಿನದು, ಕಪ್ಪು ರಬ್ಬರಿನದಾದರೆ ಆಮೇಲಿನದು. ರಬ್ಬರ್ ಬಂಪರ್ ಕಾರು ನೆಲದಿಂದ ತುಸು ಎತ್ತರವಾಗಿಯೂ ನಿಲ್ಲುತ್ತದೆ. ಆಲ್ಫಾ ರೋಮಿಯೋ ಸ್ಪೈಡರ್‌ನಲ್ಲಿ ಬಾಲ ನೋಡಿ. ದೋಣಿಯ ಹಾಗೆ ದುಂಡಗೆ ಮುಗಿದರೆ 1966ರಿಂದ 1969ರ ನಡುವಿನದು. ಚಾಕುವಿನಲ್ಲಿ ಕತ್ತರಿಸಿದಂತೆ ನೇರವಾಗಿದ್ದರೆ ನಂತರದ್ದು. ಕಾರ್ವೆಟ್ ಕೂಪೆಯ (ಗಟ್ಟಿ ಮಾಡಿನ ಕಾರಿನ) ಹಿಂದಿನ ಗಾಜು ನಡುವೆ ಒಂದು ಪಟ್ಟಿಯಿಂದ ಎರಡಾಗಿದ್ದರೆ ಅದು 1963ರದು, ಬೇರೆ ವರ್ಷದ್ದಲ್ಲ. ಡಾಟ್ಸನ್ 240 ಝಡ್‌ನ ಹಿಂದಿನ ಡೋರ್ ಮೇಲೆ ಗಾಳಿ ಕಿಂಡಿಗಳಿದ್ದರೆ ಮೊದಮೊದಲು ಬಂದ ಕಾರು. ಹೊರಗೆ ಬಾಗಿಲ ಹಿಡಿಯೇ ಇಲ್ಲವಾ? ಎಂಜಿಎ ರೋಡ್‌ಸ್ಟರ್ (ತೆರೆದ ಕಾರು) ಅಥವಾ ಕಪ್ಪೆಗಣ್ಣಿನ ಮೊದಲ ಆಸ್ಟಿನ್-ಹೀಲಿ ಸ್ಪ್ರೈಟ್ ಇರಬಹುದು. ಸ್ಪ್ರೈಟ್‌ಗೆ ಡಿಕ್ಕಿ ಬಾಗಿಲೂ ಇಲ್ಲ. ಸಾಮಾನು ಇಡಬೇಕಾದರೆ ಸೀಟಿನ ಹಿಂದಿನಿಂದ ತೂರಿಸಬೇಕು.

ಬಾಗಿಲು ಮೇಲಕ್ಕೆ ತೆರೆದ ಮರ್ಸಿಡಿಸ್ 300 ಎಸ್‌ಎಲ್ ಕಂಡರೆ, ಅದು ತೋರಿಕೆಗೆ ಮಾಡಿದ್ದಲ್ಲ ಅಂತ ಗೆಳೆಯರಿಗೆ ಹೇಳಿ. ಸಣ್ಣ ಪೈಪುಗಳ ಜಾಲದ ಚಾಸಿ ಪಕ್ಕದಲ್ಲಿ ತುಂಬಾ ಎತ್ತರಕ್ಕೆ ಬರುತ್ತದೆ. ಸಾಮಾನ್ಯ ಬಾಗಿಲು ಇಡಲು ಜಾಗವೇ ಇರಲಿಲ್ಲ. ಒಳಗೆ ಕೂರಲು ಅನುಕೂಲ ಆಗಲಿ ಅಂತ ಸ್ಟೀರಿಂಗ್ ಚಕ್ರವೂ ಬಾಗುತ್ತದೆ. 1954ರಿಂದ 1957ರವರೆಗೆ ಈ ಕೂಪೆಗಳು ತಯಾರಾದದ್ದು 1400 ಮಾತ್ರ.

ಹಂತ 4: ಟೈರು ಮತ್ತು ನೆಲ

ಈಗ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕ ಓದಿ. ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಟೈರಿನ ವಯಸ್ಸು. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಟೈರು 2000ಕ್ಕಿಂತ ಹಿಂದಿನದು. ಟೈರು ಹೊಸದಾಗಿದ್ದು, ತುಸು ಸವೆದೂ ಇದ್ದರೆ ಈ ಕಾರು ಓಡುತ್ತದೆ ಅಂತ ಅರ್ಥ. ಹೊಳೆಯುವ ಪೇಂಟಿಗಿಂತ ಇದು ನನಗೆ ದೊಡ್ಡ ವಿಷಯ.

ನೆಲದ ಮೇಲಿನ ತೊಟ್ಟುಗಳನ್ನೂ ನೋಡಿ. ಕಂದು ಅಥವಾ ಕಪ್ಪು ಬಣ್ಣದ್ದು ಇಂಜಿನ್ ಆಯಿಲ್. ಹಸಿರು, ಕಿತ್ತಳೆ ಬಣ್ಣದ ನೀರು ಬಂದರೆ ರೇಡಿಯೇಟರ್ ಕಡೆಯದು. ಹಳೇ ಬ್ರಿಟಿಷ್ ಇಂಜಿನ್ ಕೆಳಗೆ ಒಂದೆರಡು ತೊಟ್ಟು ಆಯಿಲ್ ಬಿದ್ದಿದ್ದರೆ ಗಾಬರಿ ಬೇಡ. ಜಾಗ್ವಾರ್‌ನ ಎಕ್ಸ್‌ಕೆ ಇಂಜಿನ್‌ನ ಹಿಂದಿನ ಸೀಲು ಹಗ್ಗದಂಥದ್ದು, ಈಗಿನ ರಬ್ಬರ್ ಸೀಲಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಮಾತ್ರ ವಿಷಯ ಬೇರೆ. ಅದು ಬ್ರೇಕ್ ಆಯಿಲ್ ಇರಬಹುದು. ಮಾಲೀಕರು ಬಂದಾಗ ಅದನ್ನು ಹೇಳಲೇಬೇಕು, ಅದೂ ಮೊದಲ ಮಾತಾಗಿ.

ಹಂತ 5: ಪಕ್ಕದಲ್ಲಿ ನಿಂತವರ ಜೊತೆ

ನೀವು ನೋಡುತ್ತಾ ನಿಂತರೆ ಇನ್ನೊಬ್ಬರು ಬಂದೇ ಬರುತ್ತಾರೆ. ಅವರು "ಇದು ಫೆರಾರಿ ಅಲ್ವಾ?" ಅನ್ನಬಹುದು. ನಿಮಗೆ ಅದು ಡಿನೊ 246 ಅಂತ ಗೊತ್ತು. "ಅಲ್ಲ" ಅಂತ ಶುರು ಮಾಡಬೇಡಿ. "ಫೆರಾರಿಯವರೇ ಮಾಡಿದ್ದು. ಆದರೆ ಕಾರಿನ ಮೇಲೆ ಡಿನೊ ಅಂತ ಮಾತ್ರ ಹಾಕಿ ಮಾರಿದರು. ಎಂಜೋ ಫೆರಾರಿಯವರ ತೀರಿಹೋದ ಮಗನ ಹೆಸರು ಅದು" ಅನ್ನಿ. ಅವರು ಹೇಳಿದ್ದೂ ಉಳಿಯಿತು, ಒಂದು ಕತೆಯೂ ಸಿಕ್ಕಿತು. ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ.

ವರ್ಷದ ಬಗ್ಗೆ ಇಬ್ಬರು ಬಲ್ಲವರ ನಡುವೆ ವಾದ ಬಂದರೆ ಗುರುತು ತೋರಿಸಿ ಮಾತಾಡಿ. "ನನಗೆ 1973 ಅನಿಸುತ್ತೆ, ಬಂಪರ್ ನೋಡಿ" ಅಂದರೆ ಸಾಕು. ಬಂಪರ್ ಬದಲಾಗಿರಬಹುದು ಅಂತ ಅವರು ಅನ್ನಬಹುದು. ಅದೂ ನಿಜವೇ. ಐವತ್ತು ಅರವತ್ತು ವರ್ಷದ ಕಾರಿಗೆ ಎಷ್ಟೋ ಕೈ ಬದಲಾಗಿರುತ್ತದೆ. ಹೊಸ 911ಗೆ ಹಳೇ ಬಂಪರ್ ಹಾಕುವುದು, ರಬ್ಬರ್ ಬಂಪರಿನ ಎಂಜಿಬಿಗೆ ಕ್ರೋಮ್ ಹಾಕುವುದು ತುಂಬಾ ಜನ ಮಾಡುವ ಕೆಲಸ.

ಹಂತ 6: ಮಾಲೀಕರು ಬಂದಾಗ

ಎರಡು ಹೆಜ್ಜೆ ಹಿಂದೆ ಸರಿಯಿರಿ. ಬಾಗಿಲ ಹತ್ತಿರ ನಿಲ್ಲಬೇಡಿ. ಅವರ ಕೈಯಲ್ಲಿ ಸಾಮಾನಿದೆಯಾ, ಮುಖದಲ್ಲಿ ಆತುರ ಇದೆಯಾ ಅಂತ ನೋಡಿ. ಆತುರ ಇದ್ದರೆ "ಕಾರು ತುಂಬಾ ಚೆನ್ನಾಗಿದೆ ಸರ್" ಅಂತ ಒಂದು ಮಾತು ಹೇಳಿ ಬಿಟ್ಟುಬಿಡಿ. ಮಾತಾಡುವ ಮನಸ್ಸಿದ್ದವರು ತಾವೇ ನಿಲ್ಲುತ್ತಾರೆ.

ಕಾರಿನ ಹತ್ತಿರ ಹೆಂಗಸೊಬ್ಬರು ಬಂದರೆ ಅವರ ಯಜಮಾನರ ಕಾರು ಅಂದುಕೊಳ್ಳಬೇಡಿ. ಮಾಲೀಕರು ಯಾರು ಅಂತ ಗೊತ್ತಿಲ್ಲದಿದ್ದರೆ ಕಾರಿನ ಬಗ್ಗೆ ಕೇಳಿ, ಉತ್ತರದಲ್ಲೇ ಗೊತ್ತಾಗುತ್ತದೆ.

ಬೆಲೆ ಎಷ್ಟು, ಮಾರ್ತೀರಾ, ಎಷ್ಟು ಸ್ಪೀಡ್ ಹೋಗುತ್ತೆ? ಈ ಮೂರು ಪ್ರಶ್ನೆ ಅವರಿಗೆ ಕೇಳಿ ಕೇಳಿ ಸಾಕಾಗಿರುತ್ತದೆ. ಬೆಲೆ ಕೇಳಿದ ಕ್ಷಣ ಅವರ ಕಣ್ಣಲ್ಲಿ ನೀವು ಕಾರು ಪ್ರೇಮಿಯಾಗಿ ಉಳಿಯುವುದಿಲ್ಲ. ಕೈಕೊಡುತ್ತದೆ ಅಂತ ಹೆಸರಾದ ಲೂಕಸ್ ವೈರಿಂಗ್ ಬಗ್ಗೆ ತಮಾಷೆಯೂ ಬೇಡ, ಅವೆಲ್ಲ ಅವರು ಕೇಳಿದವೇ. ಅದರ ಬದಲು ಉದ್ದದ ಉತ್ತರ ಬರುವ ಪ್ರಶ್ನೆ ಕೇಳಿ:

"ನಿಮ್ಮ ಹತ್ತಿರ ಎಷ್ಟು ವರ್ಷದಿಂದ ಇದೆ?"

"ಇದನ್ನು ತಗೊಂಡು ಅತಿ ದೂರ ಎಲ್ಲಿಗೆ ಹೋಗಿದ್ರಿ?"

"ಇದರಲ್ಲಿ ಯಾವ ಕೆಲಸ ನೀವೇ ಮಾಡಿಕೊಳ್ತೀರಿ?"

ನನಗೆ ಇಷ್ಟವಾದದ್ದು ಮೂರನೆಯದು. ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಟ್ಯೂನ್ ಮಾಡುವವರು ಆ ಪ್ರಶ್ನೆಗೆ ಅರಳುತ್ತಾರೆ. ಹಳೇ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾದ ಎಸ್‌ಯು ಕಾರ್ಬ್ಯುರೇಟರ್ ಇದ್ದರೆ ಅದರ ಮೇಲಿನ ಡಬ್ಬಿಗೆ ಯಾವ ಆಯಿಲ್ ಹಾಕುತ್ತಾರೆ ಅಂತ ಕೇಳಿ. ಒಳಗಿನ ಪಿಸ್ಟನ್ ಒಮ್ಮೆಗೇ ಮೇಲೇಳದಂತೆ ತಡೆಯುವುದು ಆ ಆಯಿಲ್. ತೀರಾ ತೆಳುವಾದರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಒಂದು ಕ್ಷಣ ಮುಗ್ಗರಿಸುತ್ತದೆ. ಪ್ರತಿಯೊಬ್ಬರಿಗೂ ಇದರ ಬಗ್ಗೆ ತಮ್ಮದೇ ನಂಬಿಕೆ ಇರುತ್ತದೆ. ಟ್ರಯಂಫ್ ಟಿಆರ್6 ಆಗಿದ್ದರೆ ಇಂಜೆಕ್ಷನ್ನಾ, ಕಾರ್ಬ್ಯುರೇಟರಾ ಅಂತ ಕೇಳಬಹುದು. ಬ್ರಿಟನ್ನಿನಲ್ಲಿ ಮಾರಿದ್ದಕ್ಕೆ ಪೆಟ್ರೋಲ್ ಇಂಜೆಕ್ಷನ್, ಅಮೆರಿಕಕ್ಕೆ ಹೋದದ್ದಕ್ಕೆ ಕಾರ್ಬ್ಯುರೇಟರ್. ಈ ಒಂದು ಪ್ರಶ್ನೆಯಿಂದ ಕಾರು ಎಲ್ಲಿಂದ ಬಂತು ಅನ್ನುವ ಇಡೀ ಕತೆ ಬಿಚ್ಚಿಕೊಳ್ಳುತ್ತದೆ.

ಹಂತ 1ರಲ್ಲಿ ಮನಸ್ಸಿನಲ್ಲಿಟ್ಟುಕೊಂಡ ಕೊರತೆಗಳನ್ನು ಈಗಲೂ ಹೇಳಬೇಡಿ. ಸಿಲ್ಲಿನ ತುಕ್ಕು, ಪೇಂಟಿನ ಗುಳ್ಳೆ, ತಪ್ಪು ಬಣ್ಣದ ಸೀಟು ಇದೆಲ್ಲ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಬ್ರೇಕ್ ಆಯಿಲ್ ಸೋರುವುದು, ಟೈರಿನಲ್ಲಿ ಗಾಳಿ ಇಳಿದಿರುವುದು, ಉರಿಯದ ಬ್ರೇಕ್ ಲೈಟು ಬೇರೆ ಮಾತು. ಅಪಾಯ ತರುವುದನ್ನು ಹೇಳಿ, ಅಂದಗೆಡಿಸುವುದನ್ನು ಬಿಡಿ.

ಇದು ಅಸಲಿಯಾ ಅಂತ ಕೇಳುವ ಚಟ ಕೆಲವರಿಗಿದೆ. ಎಸಿ ಕೋಬ್ರಾ ಅನ್ನುವ ಕಾರು ಕಂಡಾಗ ಇದು ಜಾಸ್ತಿ. 1960ರ ದಶಕದಲ್ಲಿ ತಯಾರಾದ ಕೋಬ್ರಾಗಳು ಸುಮಾರು ಸಾವಿರ. ಆಮೇಲೆ ಜನ ಕಟ್ಟಿಕೊಂಡ ಪ್ರತಿಗಳು ಅದಕ್ಕಿಂತ ಎಷ್ಟೋ ಪಟ್ಟು. ನಿಮ್ಮ ಮುಂದಿರುವುದು ಪ್ರತಿಯೇ ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಅವಮಾನ ಏನಿದೆ? "ಇದನ್ನು ನೀವೇ ಕಟ್ಟಿದ್ದಾ? ಯಾವ ಇಂಜಿನ್ ಹಾಕಿದ್ದೀರಿ?" ಅಂತ ಕೇಳಿ. ಸ್ವಂತ ಕೈಯಿಂದ ಕಾರು ಕಟ್ಟಿದವರ ಹತ್ತಿರ ಇರುವಷ್ಟು ವಿಷಯ ಕೊಂಡು ತಂದವರ ಹತ್ತಿರ ಎಷ್ಟೋ ಸಲ ಇರುವುದಿಲ್ಲ.

ಒಳಗೆ ಕೂರಬಹುದಾ ಅಂತ ಕೇಳಬೇಡಿ. ಅವರೇ ಕರೆದರೆ ಜೇಬಿನ ಕೀ, ಫೋನ್ ತೆಗೆದಿಟ್ಟು ಕೂರಿ. ಬಾಗಿಲು ಬಡಿಯದೆ ಮೆಲ್ಲಗೆ ಒತ್ತಿ ಮುಚ್ಚಿ. 911ನಲ್ಲಿ ಕೂತರೆ ಕೀ ಹಾಕುವ ಜಾಗ ಸ್ಟೀರಿಂಗಿನ ಎಡಕ್ಕೆ, ಐದು ಮೀಟರ್‌ಗಳ ನಡುವೆ ಆರ್‌ಪಿಎಂ ಮೀಟರ್ ಇರುವುದನ್ನು ಗಮನಿಸಿ. ಗೇರ್ ಅಲ್ಲಾಡಿಸುವ ಮೊದಲು ಕೇಳಿ.

ಹಂತ 7: ಹೊರಡುವಾಗ ಜಾಗ ಬಿಡಿ

ಬಿಸಿ ಇಂಜಿನ್ ಇರುವ ಕಾರ್ಬ್ಯುರೇಟರ್ ಕಾರು ಸ್ವಲ್ಪ ಹೊತ್ತು ನಿಂತು ಮತ್ತೆ ಹೊರಡುವಾಗ ಹಟ ಮಾಡುವುದುಂಟು. ಇಂಜಿನ್ ನಿಲ್ಲಿಸಿದ ಮೇಲೆ ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ. ಕಾರ್ಬ್ಯುರೇಟರ್‌ನಲ್ಲಿರುವ ಪೆಟ್ರೋಲ್ ಕುದಿಯುತ್ತದೆ. ಸೆಲ್ಫ್ ಹೊಡೆದರೂ ಇಂಜಿನ್ ಹಿಡಿಯುವುದಿಲ್ಲ. ಆಗ ಮಾಲೀಕರಿಗೆ ಬೇಕಾದ್ದು ಮೌನ. ಸುತ್ತ ನಿಂತು ಚೋಕ್ ಎಳೀರಿ, ಆಕ್ಸಿಲರೇಟರ್ ಒತ್ತಿ ಅಂತ ಸಲಹೆ ಕೊಡಬೇಡಿ. ಅವರ ಕಾರಿನ ಸ್ವಭಾವ ಅವರಿಗೆ ಗೊತ್ತು. ಬಾನೆಟ್ ಎತ್ತಿ ಕೆಳಗಿಳಿದರೆ ಮಾತ್ರ "ಏನಾದ್ರೂ ಸಹಾಯ ಬೇಕಾ?" ಅಂತ ಒಮ್ಮೆ ಕೇಳಿ. ತಳ್ಳಬೇಕಾಗಿ ಬಂದರೆ ಎಲ್ಲಿ ಕೈ ಇಡಬೇಕು ಅಂತ ಅವರನ್ನೇ ಕೇಳಿ. ತೆಳು ತಗಡು, ಬಂಪರ್, ಲೈಟಿನ ಮೇಲೆ ಕೈ ಊರಬಾರದು.

ಬಟ್ಟೆ ಟಾಪ್ ಹಾಕಿದ ಕಾರಿನಿಂದ ಹಿಂದಕ್ಕೆ ಏನೂ ಸರಿಯಾಗಿ ಕಾಣುವುದಿಲ್ಲ. ರಿವರ್ಸ್ ತೆಗೆಯುವಾಗ ಹಿಂದೆ ನಿಂತು ವಿಡಿಯೋ ಮಾಡುವವರನ್ನು ಬದಿಗೆ ಕರೆಯಿರಿ. ರೊಂಯ್ ಅನ್ನಿಸಿ ಅಂತ ಕೂಗಬೇಡಿ. ತಣ್ಣಗಿನ ಇಂಜಿನ್‌ನಲ್ಲಿ ಆಯಿಲ್ ಇನ್ನೂ ಗಟ್ಟಿಯಾಗಿರುತ್ತದೆ, ಆಗ ಆರ್‌ಪಿಎಂ ಏರಿಸಿದರೆ ಬೇರಿಂಗ್ ಸವೆಯುತ್ತದೆ.

ಫೋಟೊ ವಿಚಾರ

ಹೊರಗಿನಿಂದ ಫೋಟೊ ತೆಗೆಯಲು ಬಹುತೇಕ ಯಾರೂ ಬೇಡ ಅನ್ನುವುದಿಲ್ಲ. ಒಳಗಿನ ಫೋಟೊಗೆ ಕೇಳಿ. ನಂತರ ಹಂಚುವಾಗ ನಂಬರ್ ಪ್ಲೇಟ್ ಅಳಿಸಿ. ಗಾಜಿನ ಅಂಚಿನಲ್ಲಿ ಚಾಸಿ ನಂಬರ್ ಕಾಣುತ್ತಿದ್ದರೆ ಅದನ್ನೂ ಅಳಿಸಿ. ಅದು ಮನೆಯ ಮುಂದೆ ನಿಂತ ಕಾರಾದರೆ ಜಾಗದ ಹೆಸರನ್ನು ಯಾರಿಗೂ ಹೇಳಬೇಡಿ. ಇಂಥ ಕಾರು ಕದಿಯುವವರು, ಅದರ ಬಿಡಿಭಾಗ ಕದಿಯುವವರು ಇದ್ದಾರೆ.

ಮಾಲೀಕರ ಹತ್ತಿರ ತಾವೇ ಓಡಿಸುತ್ತಿರುವ ಫೋಟೊ ಇರುವುದು ಕಡಿಮೆ, ಯಾಕೆಂದರೆ ಆಗ ಅವರು ಒಳಗಿರುತ್ತಾರೆ. ಅವರು ಹೊರಡುವಾಗ ಒಂದು ತೆಗೆದು, ಅವರು ಫೋನ್ ನಂಬರ್ ಕೊಟ್ಟಿದ್ದರೆ ಅದೇ ದಿನ ಕಳಿಸಿಬಿಡಿ.